ನಡುವಿನ ಸುರುಳಿಗೆ ಜಾಗವಿಲ್ಲದ ಟೋಕಮ್ಯಾಕ್‌ನಲ್ಲಿ ಕರೆಂಟ್ ಹುಟ್ಟುವುದು ಹೇಗೆ?

ಪ್ರಶ್ನೆ: ಸರ್, ನಾನು ಕಾರವಾರದಲ್ಲಿ ವಿದ್ಯುತ್ ಗುತ್ತಿಗೆದಾರ. ಟ್ರಾನ್ಸ್‌ಫಾರ್ಮರ್ ಬಿಚ್ಚಿ ಸುತ್ತಿ ಗೊತ್ತು, ಅದರಾಚೆಯ ಭೌತಶಾಸ್ತ್ರ ಗೊತ್ತಿಲ್ಲ. ಮಗಳು ಶಿರಸಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ. ಪ್ಲಾಸ್ಮಾ ಭೌತಶಾಸ್ತ್ರ ಓದಿ, ಹಗುರ ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯುವ ಸಮ್ಮಿಳನದ ಸಂಶೋಧನೆಗೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಅವಳಿಗೆ ಹಿಡಿಸಿರುವುದು ಗೋಲಾಕಾರದ ಟೋಕಮ್ಯಾಕ್, ಅಂದರೆ ಬಿಸಿ ಪ್ಲಾಸ್ಮಾವನ್ನು (ಎಲೆಕ್ಟ್ರಾನ್ ಕಳಚಿದ ಅನಿಲವನ್ನು) ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಯಂತ್ರದ ಗುಂಡನೆಯ ಬಗೆ. ಟೋಕಮ್ಯಾಕ್ ಅಂದರೆ ಒಂದು ದೊಡ್ಡ ಟ್ರಾನ್ಸ್‌ಫಾರ್ಮರ್, ನಡುವಿನ ಸುರುಳಿ ಪ್ರೈಮರಿ, ಪ್ಲಾಸ್ಮಾದ ಉಂಗುರವೇ ಸೆಕೆಂಡರಿ ಎಂದು ಚಿತ್ರ ಬರೆದು ತೋರಿಸಿದಳು. ಹಾಗಾದರೆ ಈ ಗುಂಡನೆಯ ಯಂತ್ರದಲ್ಲಿ ನಡುವೆ ಜಾಗವೇ ಇಲ್ಲವಲ್ಲ, ಪ್ರೈಮರಿ ಎಲ್ಲಿ ಎಂದು ಕೇಳಿದೆ. ಮೈಕ್ರೋವೇವ್‌ನಿಂದ ಮಾಡುತ್ತಾರೆ ಎಂದಳು. ಕೈಗಾದಲ್ಲಿ ಕೆಲಸ ಮಾಡುವ ಸ್ನೇಹಿತರೊಬ್ಬರನ್ನು ವಿಚಾರಿಸಿದರೆ, ‘ಅದನ್ನು ಶುರು ಮಾಡುವುದಕ್ಕೇ ಇನ್ನೊಂದು ಕೈಗಾ ಬೇಕು’ ಎಂದುಬಿಟ್ಟರು. ಹತ್ತಾರು ಲಕ್ಷ ಆಂಪಿಯರ್ ಹರಿಯುವಾಗ ಥಟ್ಟನೆ ಕಡಿದುಹೋದರೆ ಏನು ಗತಿ ಎಂಬ ಹೆದರಿಕೆಯೂ ಇದೆ. ಮುಂದೆ ದಾರಿಯೇ ಇಲ್ಲದ ವಿಷಯಕ್ಕೆ ಮಗಳನ್ನು ಕಳಿಸುತ್ತಿದ್ದೇನೆಯೇ? ನೇರವಾಗಿ ತಿಳಿಸಿ.

ಉತ್ತರ: ನಮಸ್ಕಾರ. ನೀವು ಕೇಳಿದ್ದು ಈ ಯಂತ್ರದ ಅತ್ಯಂತ ಕಷ್ಟದ ಪ್ರಶ್ನೆ. ಸುರುಳಿ ಸುತ್ತಿ ಬಲ್ಲ ಕೈಗೇ ಅದು ಹೊಳೆದದ್ದು ನನಗೆ ಸಂತೋಷ ತಂದಿತು. ನನ್ನ ವೃತ್ತಿಯ ಬಹುಪಾಲು ಟೋಕಮ್ಯಾಕ್‌ನ ನಿಯಂತ್ರಣ ಕೊಠಡಿಯಲ್ಲಿ, ಶಾಟ್‌ನ (ಒಂದು ಸಲ ಪ್ಲಾಸ್ಮಾ ಹುಟ್ಟಿಸಿ ನಡೆಸುವ ಪ್ರಯೋಗದ) ಮೊದಲ ಕೆಲವು ಮಿಲಿಸೆಕೆಂಡುಗಳ ಗ್ರಾಫ್ ನೋಡುತ್ತ ಕಳೆದಿದೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ನಿಮ್ಮ ಕಾಳಜಿಯ ತಿರುಳು ಇಷ್ಟು: ಪ್ರೈಮರಿಗೆ ಜಾಗವಿಲ್ಲದಿದ್ದರೆ ಸೆಕೆಂಡರಿಯಲ್ಲಿ ಕರೆಂಟ್ ಹುಟ್ಟುವುದು ಹೇಗೆ, ಹುಟ್ಟಿಸಲು ತಗಲುವ ವಿದ್ಯುತ್ತು ಬರುವ ವಿದ್ಯುತ್ತನ್ನೇ ನುಂಗುತ್ತದೆಯೇ.

ಮೊದಲು ಒಂದು ತಪ್ಪು ತಿಳಿವಳಿಕೆ. ಗೋಲಾಕಾರದ ಟೋಕಮ್ಯಾಕ್‌ಗಳಲ್ಲಿ ನಡುವಿನ ಸುರುಳಿ, ಅಂದರೆ ಸೊಲೆನಾಯ್ಡ್, ಇರುವುದೇ ಇಲ್ಲ ಎಂಬ ಮಾತು ನಿಜವಲ್ಲ. ಇಂಗ್ಲೆಂಡಿನ ಕಲ್ಹಮ್‌ನಲ್ಲಿ 2020ರಲ್ಲಿ ಮೊದಲ ಪ್ಲಾಸ್ಮಾ ಕಂಡ ಮಾಸ್ಟ್ ಅಪ್‌ಗ್ರೇಡ್‌ನಲ್ಲಿ ಅದಿದೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ 1999ರಿಂದ ನಡೆದ ಎನ್‌ಎಸ್‌ಟಿಎಕ್ಸ್‌ನಲ್ಲಿಯೂ ಇತ್ತು, ಅದರಿಂದಲೇ ಅಲ್ಲಿ 10 ಲಕ್ಷ ಆಂಪಿಯರ್ ದಾಟಿದರು. ಇಂದಿನ ಪ್ರಯೋಗ ಯಂತ್ರಗಳಿಗೆ ಇರುವ ಪುಟ್ಟ ಸೊಲೆನಾಯ್ಡ್ ಸಾಕು. ತೊಂದರೆ ಬರುವುದು ವಿದ್ಯುತ್ ಸ್ಥಾವರದ ಗಾತ್ರಕ್ಕೆ ಬೆಳೆಸಿದಾಗ.

ಏಕೆಂದು ಲೆಕ್ಕ ಹಾಕಿಯೇ ನೋಡಿ. ಸೊಲೆನಾಯ್ಡ್ ಕೊಡುವ ವೋಲ್ಟ್-ಸೆಕೆಂಡುಗಳು, ಅಂದರೆ ವೇಬರ್‌ನಲ್ಲಿ ಅಳೆಯುವ ಫ್ಲಕ್ಸ್, ಅದರ ಕಾಂತಕ್ಷೇತ್ರ ಮತ್ತು ಅಡ್ಡಕೊಯ್ತದ ಗುಣಲಬ್ಧ. ಅಡ್ಡಕೊಯ್ತ ಅಂದರೆ ತ್ರಿಜ್ಯದ ವರ್ಗ. ತ್ರಿಜ್ಯ ಅರ್ಧವಾದರೆ ಫ್ಲಕ್ಸ್ ಕಾಲುಭಾಗಕ್ಕೆ ಇಳಿಯುತ್ತದೆ. 10 ಸೆಂ.ಮೀ. ತ್ರಿಜ್ಯದ ಸೊಲೆನಾಯ್ಡ್‌ಗೆ 5 ಟೆಸ್ಲಾ ಕೊಟ್ಟು, ಆಮೇಲೆ ಪೂರ್ತಿ ಉಲ್ಟಾ ತಿರುಗಿಸಿದರೂ ಸಿಗುವುದು ಸುಮಾರು 0.3 ವೇಬರ್. ಒಂದು ಮೀಟರ್ ಆಸುಪಾಸಿನ ತ್ರಿಜ್ಯದ ಗೋಲಾಕಾರದ ಪ್ಲಾಸ್ಮಾದಲ್ಲಿ 10 ಲಕ್ಷ ಆಂಪಿಯರ್ ಹರಿಸಲು, ಅದರ ಪ್ರೇರಕತೆಗೇ (ಇಂಡಕ್ಟೆನ್ಸ್) ಅರ್ಧ ವೇಬರ್ ಹತ್ತಿರ ಬೇಕು. ಪ್ಲಾಸ್ಮಾದ ರೋಧದಲ್ಲಿ ಸುಟ್ಟುಹೋಗುವುದು ಬೇರೆ. ಕೊರತೆಯ ಒಂದು ಪಾಲನ್ನು ಹೊರಗಿನ ಸುರುಳಿಗಳು ತುಂಬಿಕೊಡುತ್ತವೆ. ಈಗ ಇದನ್ನೇ 200 ಲಕ್ಷ ಆಂಪಿಯರ್‌ನ ಸ್ಥಾವರಕ್ಕೆ ಹಿಗ್ಗಿಸಿದರೆ ಹತ್ತಾರು ವೇಬರ್ ಬೇಕಾಗುತ್ತದೆ. 30 ಸೆಂ.ಮೀ. ತ್ರಿಜ್ಯ, 10 ಟೆಸ್ಲಾ ಎಂದು ಧಾರಾಳವಾಗಿ ಹಿಡಿದರೂ ಸೊಲೆನಾಯ್ಡ್ ಕೊಡುವುದು 6 ವೇಬರ್‌ಗಿಂತ ಕಡಿಮೆ.

ಹಾಗಾದರೆ ಸೊಲೆನಾಯ್ಡನ್ನೇ ದಪ್ಪ ಮಾಡಬಾರದೇ? ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಇಟರ್ ಎಂಬ ದೊಡ್ಡ ಟೋಕಮ್ಯಾಕ್‌ನಲ್ಲಿ ಹಾಗೆಯೇ ಮಾಡಿದ್ದಾರೆ. ಅದರ ನಡುವಿನ ಸೊಲೆನಾಯ್ಡ್ 13 ಮೀಟರ್ ಎತ್ತರ, ಸುಮಾರು 1000 ಟನ್ ತೂಕ. ಆದರೆ ಇಟರ್ ಪ್ಲಾಸ್ಮಾದ ದೊಡ್ಡ ತ್ರಿಜ್ಯ (ಯಂತ್ರದ ನಡುವಿನಿಂದ ಉಂಗುರದ ಮಧ್ಯದವರೆಗೆ) 6.2 ಮೀಟರ್, ಸಣ್ಣ ತ್ರಿಜ್ಯ (ಉಂಗುರದ ಅರ್ಧ ದಪ್ಪ) 2 ಮೀಟರ್. ನಡುವಿನಲ್ಲಿ ಬೇಕಾದಷ್ಟು ಜಾಗ. ಗೋಲಾಕಾರದ ಯಂತ್ರದ ಹೆಚ್ಚುಗಾರಿಕೆ ಬರುವುದೇ ನಡುವಿನ ಕಂಬವನ್ನು ತೆಳ್ಳಗೆ ಮಾಡಿ ಪ್ಲಾಸ್ಮಾವನ್ನು ಅದಕ್ಕೆ ಒತ್ತಾಗಿ ನಿಲ್ಲಿಸುವುದರಿಂದ. ಆಗ ಅದೇ ಕಾಂತಕ್ಷೇತ್ರಕ್ಕೆ ಹೆಚ್ಚು ಒತ್ತಡದ ಪ್ಲಾಸ್ಮಾವನ್ನು ಹಿಡಿದಿಡಬಹುದು. ಕಲ್ಹಮ್‌ನ ಸ್ಟಾರ್ಟ್ ಎಂಬ ಪುಟ್ಟ ಯಂತ್ರ 1990ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟಿತು: ಪ್ಲಾಸ್ಮಾದ ಒತ್ತಡ ಕಾಂತೀಯ ಒತ್ತಡದ ಶೇ. 40ರವರೆಗೆ ಹೋಯಿತು. ಸಾಮಾನ್ಯ ಟೋಕಮ್ಯಾಕ್‌ಗಳಲ್ಲಿ ಇದು ಶೇಕಡಾ ಕೆಲವೇ ಅಂಕಿ. ಆ ತೆಳು ಕಂಬದೊಳಗೆ ಮುಖ್ಯ ಕಾಂತಕ್ಷೇತ್ರದ ವಾಹಕಗಳು ಇರಬೇಕು, ಸಮ್ಮಿಳನದಿಂದ ಹೊರಬರುವ 14 ಮೆಗಾ ಎಲೆಕ್ಟ್ರಾನ್ ವೋಲ್ಟ್‌ನ ನ್ಯೂಟ್ರಾನ್‌ಗಳಿಂದ ಅವನ್ನು ಕಾಪಾಡುವ ಕವಚ ಇರಬೇಕು. ಸೊಲೆನಾಯ್ಡ್‌ಗೆ ಕೊಟ್ಟ ಪ್ರತಿ ಸೆಂಟಿಮೀಟರನ್ನೂ ಇವೆರಡರಿಂದ ಕಿತ್ತುಕೊಂಡು ಕೊಡಬೇಕು. ನೀವು ಚಿತ್ರ ನೋಡಿ ಹಿಡಿದದ್ದು ಇದೇ ಜಗಳವನ್ನು.

ಇನ್ನು ಕರೆಂಟ್ ಹುಟ್ಟುವ ಬಗೆ. ಇದನ್ನು ಒಂದೇ ಕೆಲಸ ಎಂದು ನೋಡಿದರೆ ಗೊಂದಲವಾಗುತ್ತದೆ. ಅದರಲ್ಲಿ ಮೂರು ಘಟ್ಟಗಳಿವೆ.

ಮೊದಲನೆಯದು ಅನಿಲವನ್ನು ಒಡೆಯುವುದು. ನಿರ್ವಾತ ಕೋಣೆಯಲ್ಲಿ ಅತಿ ವಿರಳವಾದ ಹೈಡ್ರೋಜನ್ ಬಿಟ್ಟು ಸುತ್ತ ಕೆಲವು ವೋಲ್ಟ್ ಕೊಟ್ಟರೆ, ಅಲ್ಲಲ್ಲಿ ಇರುವ ಎಲೆಕ್ಟ್ರಾನ್‌ಗಳು ಓಡಿ ಅಣುಗಳಿಗೆ ಬಡಿದು ಇನ್ನಷ್ಟು ಎಲೆಕ್ಟ್ರಾನ್ ಬಿಡಿಸುತ್ತವೆ. ಆದರೆ ಅವು ಗೋಡೆಗೆ ತಗಲುವ ಮೊದಲು ಯಂತ್ರವನ್ನು ನೂರಾರು ಸುತ್ತು ಹಾಕಬೇಕು. ಅದಕ್ಕಾಗಿ ಅಡ್ಡ ದಿಕ್ಕಿನ ಕಾಂತಕ್ಷೇತ್ರವನ್ನು ಮುಖ್ಯ ಕ್ಷೇತ್ರದ ಸಾವಿರದಲ್ಲಿ ಒಂದು ಭಾಗದ ಆಸುಪಾಸಿಗೆ ತಗ್ಗಿಸಬೇಕಾಗುತ್ತದೆ. ಕೋಣೆಯ ದಪ್ಪ ಲೋಹದ ಗೋಡೆಯಲ್ಲಿ ಹುಟ್ಟುವ ಸುಳಿ ಕರೆಂಟ್‌ಗಳು ಈ ಲೆಕ್ಕವನ್ನು ಕೆಡಿಸುತ್ತಲೇ ಇರುತ್ತವೆ. ವೋಲ್ಟೇಜ್ ಹೆಚ್ಚಾಗಿ ಅನಿಲ ಕಡಿಮೆಯಾದರೆ ಕೆಲವು ಎಲೆಕ್ಟ್ರಾನ್‌ಗಳು ಹಿಡಿತ ತಪ್ಪಿ ವೇಗ ಪಡೆದು ಗೋಡೆಯನ್ನೇ ಕೊರೆಯುತ್ತವೆ. ಮೈಕ್ರೋವೇವ್ ಕೊಟ್ಟರೆ ಈ ಘಟ್ಟ ಎಷ್ಟೋ ಸಲೀಸು. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ಎಸ್‌ಎಸ್‌ಟಿ-1ರಲ್ಲಿ ಅದೇ ನೆರವು ಪಡೆಯುತ್ತಾರೆ. ಅದು ಗೋಲಾಕಾರದ ಯಂತ್ರವಲ್ಲ, ಆದರೂ ಈ ಘಟ್ಟದ ಭೌತಶಾಸ್ತ್ರ ಒಂದೇ.

ಎರಡನೆಯದು, ನನ್ನ ಅನುಭವದಲ್ಲಿ ಹೆಚ್ಚು ಶಾಟ್‌ಗಳು ಸಾಯುವ ಜಾಗ. ಅನಿಲ ಒಡೆದಿದೆ, ಕೆಲವು ಸಾವಿರ ಆಂಪಿಯರ್ ಹರಿಯುತ್ತಿದೆ, ಪ್ಲಾಸ್ಮಾ ಒಂದರಿಂದ ಹತ್ತು ಲಕ್ಷ ಡಿಗ್ರಿಯ ನಡುವೆ ತೂಗಾಡುತ್ತಿದೆ. ಗೋಡೆಯಿಂದ ಬಂದ ಇಂಗಾಲ, ಆಮ್ಲಜನಕಗಳು ಶಾಖವನ್ನು ಬೆಳಕಾಗಿ ಹೊರಸೂಸುವುದು ಇದೇ ತಾಪದಲ್ಲಿ ಅತಿ ಹೆಚ್ಚು. ಅದನ್ನು ದಾಟಿದರೆ ಆ ಪರಮಾಣುಗಳ ಎಲೆಕ್ಟ್ರಾನ್‌ಗಳು ಕಳಚಿಹೋಗಿ ಸೋರಿಕೆ ತಗ್ಗುತ್ತದೆ, ತಾಪ ತಾನಾಗಿ ಏರುತ್ತದೆ. ದಾಟದಿದ್ದರೆ ಅಲ್ಲಿಗೆ ಮುಗಿಯಿತು. ಕಾಳಿಯ ಅಳಿವೆಯಲ್ಲಿ ದೋಣಿ ದಾಟಿಸುವವರನ್ನು ನೀವು ನೋಡಿರುತ್ತೀರಿ: ತೆರೆ ಮುರಿಯುವ ಆ ಪಟ್ಟಿಯಲ್ಲಿ ಅರೆಮನಸ್ಸಿನಿಂದ ಎಂಜಿನ್ ಓಡಿಸಿದರೆ ದೋಣಿ ಹಿಂದಕ್ಕೆ ಬರುತ್ತದೆ, ದಾಟಿದ ಮೇಲೆ ಅಷ್ಟು ಜೋರು ಬೇಕಿಲ್ಲ. ಇಲ್ಲಿಯೂ ಆ ಚಿಕ್ಕ ಅವಧಿಗೆ ಶಕ್ತಿ ಧಾರಾಳವಾಗಿರಬೇಕು, ಗೋಡೆ ಚೊಕ್ಕವಾಗಿರಬೇಕು.

ಈ ಎರಡು ಘಟ್ಟಗಳನ್ನು ಸೊಲೆನಾಯ್ಡ್ ಇಲ್ಲದೆಯೇ ದಾಟಬಹುದು ಎಂಬುದು ಹಲವು ಕಡೆ ಸಿದ್ಧವಾಗಿದೆ. ದಾರಿಗಳು ಬೇರೆ ಬೇರೆ, ಪ್ರತಿಯೊಂದಕ್ಕೂ ಅದರದೇ ಬೆಲೆ.

ಎನ್‌ಎಸ್‌ಟಿಎಕ್ಸ್‌ನಲ್ಲಿ ಕೋಣೆಯ ಒಳಗೋಡೆ ಹೊರಗೋಡೆಗಳನ್ನೇ ಎರಡು ವಿದ್ಯುದ್ವಾರಗಳಂತೆ ಬಳಸಿ, ತಳದಿಂದ ಕರೆಂಟನ್ನು ಕಾಂತರೇಖೆಗಳ ಜೊತೆಗೆ ಮೇಲಕ್ಕೆ ಉಬ್ಬಿಸಿದರು. ಹಾಕಿದ್ದು ಕೆಲವು ಸಾವಿರ ಆಂಪಿಯರ್, 2006ರಲ್ಲಿ ಮುಚ್ಚಿದ ಉಂಗುರದಲ್ಲಿ ಸಿಕ್ಕಿದ್ದು 160 ಕಿಲೋಆಂಪಿಯರ್. ಚೆಂದದ ಫಲಿತಾಂಶ. ಆದರೆ ಎರಡು ಗೋಡೆಗಳ ನಡುವೆ ನಿರೋಧಕ ಉಂಗುರ ಬೇಕು. ನ್ಯೂಟ್ರಾನ್ ಸುರಿಮಳೆಯಲ್ಲಿ ಸೆರಾಮಿಕ್ ನಿರೋಧಕ ವರ್ಷಗಟ್ಟಲೆ ಬಾಳುವುದೇ ಎಂದು ನೀವು ಕೇಳಿದರೆ, ಅದೇ ನನ್ನ ಪ್ರಶ್ನೆಯೂ ಹೌದು. ವಿಸ್ಕಾನ್ಸಿನ್‌ನ ಪೆಗಾಸಸ್‌ನಲ್ಲಿ ಪ್ಲಾಸ್ಮಾದ ಅಂಚಿನಲ್ಲಿ ಪುಟ್ಟ ಕರೆಂಟ್ ಬಂದೂಕುಗಳನ್ನಿಟ್ಟು 200 ಕಿಲೋಆಂಪಿಯರ್ ಹತ್ತಿರ ಹೋದರು. ಕೆಲಸವಾದ ಮೇಲೆ ಅವನ್ನು ಹಿಂದಕ್ಕೆ ಎಳೆದುಕೊಳ್ಳಬಹುದಾದ್ದರಿಂದ ನನಗೆ ಈ ದಾರಿಯಲ್ಲಿ ಹೆಚ್ಚು ಭರವಸೆ. ಆದರೂ ಬಂದೂಕಿನ ಮೂತಿ ಸವೆದು ಲೋಹ ಪ್ಲಾಸ್ಮಾಕ್ಕೆ ಸೇರುವ ಅಪಾಯ ಇದ್ದೇ ಇದೆ.

ಸ್ಟಾರ್ಟ್‌ನಲ್ಲಿ, ಮಾಸ್ಟ್ ಅಪ್‌ಗ್ರೇಡ್‌ನ ಹಿಂದಿನ ರೂಪವಾದ ಮಾಸ್ಟ್‌ನಲ್ಲಿ ಕೋಣೆಯ ಒಳಗಿದ್ದ ಸುರುಳಿಗಳ ಸುತ್ತ ಎರಡು ಪ್ಲಾಸ್ಮಾ ಉಂಗುರ ಹುಟ್ಟಿಸಿ ನಡುವೆ ತಂದು ಒಂದುಗೂಡಿಸಿದರು. ಕಾಂತರೇಖೆಗಳು ಕಡಿದು ಮರುಜೋಡಣೆಯಾಗುವಾಗ ಸಿಗುವ ಶಾಖ ಎರಡನೆಯ ಘಟ್ಟವನ್ನು ಒಂದೇ ನೆಗೆತಕ್ಕೆ ದಾಟಿಸುತ್ತದೆ. 2022ರಲ್ಲಿ 10 ಕೋಟಿ ಡಿಗ್ರಿ ಮುಟ್ಟಿದ ಖಾಸಗಿ ಯಂತ್ರ ಎಸ್‌ಟಿ40 ಕೂಡ ಹೀಗೆಯೇ ಶುರುವಾಗುತ್ತಿತ್ತು. ಪ್ರಯೋಗಕ್ಕೆ ಇದು ಸೊಗಸು. ಸ್ಥಾವರದಲ್ಲಿ ಪ್ಲಾಸ್ಮಾದ ಪಕ್ಕದಲ್ಲೇ, ಕವಚವಿಲ್ಲದೆ ಸುರುಳಿ ಇಡುವುದು ಸಾಧ್ಯವಿಲ್ಲ.

ಉಳಿದದ್ದು ನಿಮ್ಮ ಮಗಳು ಹೇಳಿದ ಮೈಕ್ರೋವೇವ್. ಅವಳ ಮಾತು ಸರಿ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಲೇಟ್, ಕ್ಯುಶು ವಿಶ್ವವಿದ್ಯಾಲಯದ ಕ್ವೆಸ್ಟ್ ಯಂತ್ರಗಳು ಕೇವಲ ಮೈಕ್ರೋವೇವ್‌ನಿಂದ ಕರೆಂಟ್ ಹುಟ್ಟಿಸಿ ತೋರಿಸಿವೆ. ಮಾಸ್ಟ್‌ನಲ್ಲಿ 28 ಗಿಗಾಹರ್ಟ್ಸ್‌ನ ಅಲೆಗಳಿಂದ 70 ಕಿಲೋಆಂಪಿಯರ್ ದಾಟಿತು. ಚೀನಾದ ಲಾಂಗ್‌ಫಾಂಗ್‌ನ ಇಎಕ್ಸ್‌ಎಲ್-50ನ್ನು ಸೊಲೆನಾಯ್ಡ್ ಇಲ್ಲದೆಯೇ ಕಟ್ಟಿದರು, ಅಲ್ಲಿ 100 ಕಿಲೋಆಂಪಿಯರ್ ಮೀರಿದರು. ಅಲೆ ಕಳಿಸುವ ಆಂಟೆನಾವನ್ನು ಪ್ಲಾಸ್ಮಾದಿಂದ ದೂರ ಇಡಬಹುದು, ನ್ಯೂಟ್ರಾನ್‌ಗೆ ಎದುರಾಗಿ ನಿಲ್ಲುವ ನಿರೋಧಕವೂ ಬೇಡ. ಇದರ ತೊಡಕು ಬೇರೆ ಕಡೆ ಇದೆ. ಪ್ಲಾಸ್ಮಾದ ಸಾಂದ್ರತೆ ಒಂದು ಮಿತಿ ದಾಟಿದರೆ ಅಲೆ ಒಳಗೆ ಹೋಗದೆ ಪ್ರತಿಫಲಿಸುತ್ತದೆ. ಗೋಲಾಕಾರದ ಯಂತ್ರಗಳಲ್ಲಿ ಕಾಂತಕ್ಷೇತ್ರ ಕಡಿಮೆ, ಸಾಂದ್ರತೆ ಹೆಚ್ಚು, ಆದ್ದರಿಂದ ಆ ಮಿತಿ ಬೇಗ ಎದುರಾಗುತ್ತದೆ. ಅಲೆಯನ್ನು ಅಂಚಿನಲ್ಲಿ ಇನ್ನೊಂದು ಬಗೆಯ ಅಲೆಯಾಗಿ, ಬರ್ನ್‌ಸ್ಟೈನ್ ಅಲೆಯಾಗಿ ಮಾರ್ಪಡಿಸಿ ಒಳಕ್ಕೆ ಕಳಿಸುವ ಉಪಾಯವಿದೆ. ಅದು ಕೆಲಸ ಮಾಡುತ್ತದೆ, ಆದರೆ ಕೋನ ಸ್ವಲ್ಪ ತಪ್ಪಿದರೂ ಕೈಕೊಡುತ್ತದೆ.

ಈಗ ಮೂರನೆಯ ಘಟ್ಟ: ನೂರಾರು ಕಿಲೋಆಂಪಿಯರ್‌ನಿಂದ ಹತ್ತಾರು ಲಕ್ಷ ಆಂಪಿಯರ್‌ಗೆ ಏರಿಸುವುದು. ಜನ ಕಿಡಿ ಹೊತ್ತುವುದರ ಬಗ್ಗೆಯೇ ಮಾತಾಡುತ್ತಾರೆ. ನಿಜವಾದ ಕಂದಕ ಇರುವುದು ಇಲ್ಲಿ.

ಒಂದು ಕೋಟಿ ಡಿಗ್ರಿ ದಾಟಿದ ಪ್ಲಾಸ್ಮಾ ತಾಮ್ರಕ್ಕೆ ಸರಿಸಮನಾದ ವಾಹಕ. ತಾಪ ಏರಿದಂತೆ ತಾಮ್ರದ ರೋಧ ಹೆಚ್ಚುತ್ತದೆ, ಪ್ಲಾಸ್ಮಾದ ರೋಧ ಇಳಿಯುತ್ತದೆ. ಸೊಲೆನಾಯ್ಡ್ ಇದ್ದವರಿಗೆ ಇದು ವರ, ಕರೆಂಟ್ ಉಳಿಸಿಕೊಳ್ಳಲು ಒಂದು ವೋಲ್ಟ್‌ಗಿಂತ ಕಡಿಮೆ ಸಾಕಾಗುತ್ತದೆ. ಅಲೆಗಳಿಂದ ತಳ್ಳುವವರಿಗೆ ಇದೇ ಅಡ್ಡಿ. ನೀವು ಲೆನ್ಸ್‌ನ ನಿಯಮವನ್ನು ದಿನಾ ಕೈಯಲ್ಲಿ ಕಂಡವರು: ಸುರುಳಿಯಲ್ಲಿ ಕರೆಂಟ್ ಏರಿಸಹೊರಟರೆ ಅದು ಹಿಂದಕ್ಕೆ ತಳ್ಳುತ್ತದೆ. ಅಲೆಗಳು ವೇಗದ ಎಲೆಕ್ಟ್ರಾನ್‌ಗಳನ್ನು ಮುಂದಕ್ಕೆ ನೂಕಿದಾಗ, ಹುಟ್ಟುವ ಹಿಮ್ಮುಖ ವೋಲ್ಟೇಜ್ ಉಳಿದ ಎಲೆಕ್ಟ್ರಾನ್‌ಗಳನ್ನು ಹಿಂದಕ್ಕೆ ಓಡಿಸುತ್ತದೆ. ಪ್ಲಾಸ್ಮಾ ಬಿಸಿಯಾದಷ್ಟೂ ಈ ಹಿಮ್ಮುಖ ಕರೆಂಟ್ ಬೇಗ ಸಾಯುವುದಿಲ್ಲ. ಅವಸರ ಮಾಡಿದರೆ ಕೊಟ್ಟ ಶಕ್ತಿ ವ್ಯರ್ಥ. ಪ್ರೇರಕತೆಯನ್ನು ರೋಧದಿಂದ ಭಾಗಿಸಿದ ಕಾಲಮಾನಕ್ಕೆ ತಲೆಬಾಗಿ, ಸ್ಥಾವರದ ಗಾತ್ರದಲ್ಲಿ ನಿಮಿಷಗಟ್ಟಲೆಯಲ್ಲ, ಗಂಟೆಗಳ ಲೆಕ್ಕದಲ್ಲಿ ಏರಿಸಬೇಕು.

ನಿಧಾನವೇ ಒಳ್ಳೆಯದು ಎಂದುಕೊಂಡರೆ ಅದೂ ಪೂರ್ತಿ ಸರಿಯಲ್ಲ. ಸೊಲೆನಾಯ್ಡ್‌ನಿಂದ ತೀರಾ ಬೇಗ ಏರಿಸಿದಾಗ ಕರೆಂಟ್ ಪ್ಲಾಸ್ಮಾದ ಹೊರಮೈಯಲ್ಲೇ ನಿಂತು, ಕಾಂತಪದರಗಳು ಹರಿದು ಶಾಟ್ ಮುರಿಯುತ್ತದೆ. ನಿಧಾನವಾದರೆ ಕರೆಂಟ್ ನಡುವಿನಲ್ಲಿ ಒತ್ತೊತ್ತಾಗಿ ಕೂಡಿಕೊಳ್ಳುತ್ತದೆ. ಉದ್ದನೆಯ ಅಡ್ಡಕೊಯ್ತದ ಗೋಲಾಕಾರದ ಪ್ಲಾಸ್ಮಾ ಆಗ ಮೇಲಕ್ಕೋ ಕೆಳಕ್ಕೋ ಜಾರಲು ಶುರುಮಾಡುತ್ತದೆ. ಏರಿಕೆಯ ವೇಗ, ಪ್ಲಾಸ್ಮಾದ ಗಾತ್ರ, ಬಿಸಿ ಮಾಡುವ ಜಾಗ ಮೂರನ್ನೂ ಒಟ್ಟಿಗೆ ತಿದ್ದುತ್ತ ಹೋಗಬೇಕು. ತಟಸ್ಥ ಕಣಗಳ ಕಿರಣ ಇನ್ನೊಂದು ಬಲವಾದ ಸಾಧನ. ಆದರೆ ಕರೆಂಟ್ ಕಡಿಮೆ ಇದ್ದಾಗ ಅದರ ವೇಗದ ಅಯಾನುಗಳನ್ನು ಹಿಡಿದಿಡುವ ಕಾಂತಕ್ಷೇತ್ರವೇ ಇರುವುದಿಲ್ಲ, ಸಾಂದ್ರತೆ ಕಡಿಮೆ ಇದ್ದಾಗ ಕಿರಣ ಸೀದಾ ಹಾದು ಎದುರಿನ ಗೋಡೆಗೆ ಬಡಿಯುತ್ತದೆ. ಅದು ನೆರವಿಗೆ ಬರುವುದು ಅರ್ಧ ದಾರಿ ಏರಿದ ಮೇಲೆ.

ಈ ಕಂದಕದಲ್ಲಿ ಪ್ರಕೃತಿಯೇ ಕೈಹಿಡಿಯುವ ಒಂದು ಸಂಗತಿಯಿದೆ, ನನಗೆ ಈ ವಿಷಯದಲ್ಲಿ ಅತಿ ಪ್ರಿಯವಾದದ್ದು ಅದು. ಪ್ಲಾಸ್ಮಾದ ನಡುವೆ ಒತ್ತಡ ಹೆಚ್ಚು, ಅಂಚಿನಲ್ಲಿ ಕಡಿಮೆ. ಈ ಇಳಿಜಾರಿನಿಂದಲೇ, ಹೊರಗಿನಿಂದ ಯಾರೂ ತಳ್ಳದೆ, ಪ್ಲಾಸ್ಮಾದಲ್ಲಿ ಕರೆಂಟ್ ಹುಟ್ಟುತ್ತದೆ. ಬೂಟ್‌ಸ್ಟ್ರಾಪ್ ಕರೆಂಟ್ ಎನ್ನುತ್ತೇವೆ. ಗೋಲಾಕಾರದ ಯಂತ್ರದಲ್ಲಿ ಇದರ ಪಾಲು ದೊಡ್ಡದು. ಸೊಲೆನಾಯ್ಡ್‌ಗೆ ಜಾಗ ಕಸಿದುಕೊಂಡ ಆಕಾರವೇ ಅದರ ಅಗತ್ಯವನ್ನೂ ತಗ್ಗಿಸುತ್ತದೆ. ಜಪಾನಿನ ಜೆಟಿ-60ಯು ಎಂಬ ಸಾಮಾನ್ಯ ಆಕಾರದ ದೊಡ್ಡ ಟೋಕಮ್ಯಾಕ್‌ನಲ್ಲಿ ನಡುವಿನ ಸೊಲೆನಾಯ್ಡ್ ಬಳಸದೆ, ಹೊರಗಿನ ಸುರುಳಿ, ಅಲೆ ಮತ್ತು ಬೂಟ್‌ಸ್ಟ್ರಾಪ್ ಕರೆಂಟ್‌ಗಳಿಂದ 700 ಕಿಲೋಆಂಪಿಯರ್‌ವರೆಗೆ ಹೋದರು. ಗೋಲಾಕಾರದ ಯಂತ್ರದಲ್ಲಿ ಕಿಡಿಯಿಂದ ತುದಿಯವರೆಗೆ ಹತ್ತು ಲಕ್ಷ ಆಂಪಿಯರ್ ಮೀರಿ ಹೀಗೆ ಏರಿಸಿ ತೋರಿಸುವ ಕೆಲಸ ಬಾಕಿ ಇದೆ.

ನಿಮ್ಮ ಸ್ನೇಹಿತರ ಮಾತಿಗೆ ಬರೋಣ. ‘ಶುರು ಮಾಡಲು ಇನ್ನೊಂದು ಕೈಗಾ’ ಎಂಬುದರಲ್ಲಿ ಸತ್ಯದ ಎಳೆ ಇದೆ. 2023ರವರೆಗೆ ನಡೆದ ಕಲ್ಹಮ್‌ನ ಜೆಟ್ ಟೋಕಮ್ಯಾಕ್ ಒಂದೊಂದು ಶಾಟ್‌ಗೆ ಎಳೆಯುತ್ತಿದ್ದ ವಿದ್ಯುತ್ತನ್ನು ಗ್ರಿಡ್ ಒಂದೇ ತಡೆಯುವಂತಿರಲಿಲ್ಲ, ಆದ್ದರಿಂದ 775 ಟನ್‌ನ ಎರಡು ಗಾಲಿಗಳನ್ನು ತಿರುಗಿಸಿ ಶಕ್ತಿ ಕೂಡಿಡುತ್ತಿದ್ದರು. ಆದರೆ ಪವರ್ ಬೇರೆ, ಯೂನಿಟ್ ಬೇರೆ ಎಂದು ನಿಮಗೆ ಹೇಳಬೇಕಿಲ್ಲ. 200 ಲಕ್ಷ ಆಂಪಿಯರ್ ಹರಿಯುವ, ಒಂದೂವರೆ ಮೈಕ್ರೋಹೆನ್ರಿಯ ಪ್ಲಾಸ್ಮಾದ ಕಾಂತಕ್ಷೇತ್ರದಲ್ಲಿ ಕೂಡಿರುವ ಶಕ್ತಿ 300 ಮೆಗಾಜೂಲ್. ಅಂದರೆ 83 ಯೂನಿಟ್, ಒಂದು ಮನೆಯ ತಿಂಗಳ ಬಿಲ್ಲಿನಷ್ಟು! ತಳ್ಳುವ ವಿಧಾನಗಳ ದಕ್ಷತೆ ಕಡಿಮೆ ಇರುವುದರಿಂದ ಖರ್ಚು ಇದಕ್ಕಿಂತ ಎಷ್ಟೋ ಹೆಚ್ಚು. ಉದಾಹರಣೆಗೆ 100 ಮೆಗಾವಾಟ್ ಅನ್ನು ಒಂದು ಗಂಟೆ ಎಳೆದರೆ ಒಂದು ಲಕ್ಷ ಯೂನಿಟ್. ಕೈಗಾದ 220 ಮೆಗಾವಾಟ್‌ನ ಒಂದು ಘಟಕ ಅರ್ಧ ಗಂಟೆಗೂ ಮುಂಚೆ ಉತ್ಪಾದಿಸುವಷ್ಟು. ಒಮ್ಮೆ ಏರಿಸಿ ತಿಂಗಳುಗಟ್ಟಲೆ ಓಡಿಸುವ ಸ್ಥಾವರಕ್ಕೆ ಇದು ಭಾರವಲ್ಲ. ದಿನಕ್ಕೆ ಹತ್ತು ಸಲ ನಿಂತು ಶುರುವಾಗುವ ಯಂತ್ರಕ್ಕೆ ಭಾರವೇ. ಕೈಗಾದ ಮೊದಲ ಘಟಕ 2018ರ ಕೊನೆಗೆ 962 ದಿನ ಎಡೆಬಿಡದೆ ಓಡಿ ದಾಖಲೆ ಮಾಡಿದ್ದನ್ನು ನಿಮ್ಮ ಊರಿನವರೆಲ್ಲ ಬಲ್ಲರು. ಸಮ್ಮಿಳನ ಯಂತ್ರ ಅಂಥ ಸ್ಥಿರತೆಯ ಹತ್ತಿರವೂ ಬಂದಿಲ್ಲ. ಇಟರ್‌ನ ಮುಖ್ಯ ಗುರಿಯೇ 400 ಸೆಕೆಂಡಿನ ಆಸುಪಾಸು. ಸ್ನೇಹಿತರ ಅನುಮಾನ ಇರಬೇಕಾದದ್ದು ಶುರುವಿನ ಬಿಲ್ಲಿನ ಮೇಲಲ್ಲ, ಏರಿದ ಮೇಲೆ ಕರೆಂಟನ್ನು ಉಳಿಸಿಕೊಳ್ಳಲು ನಿರಂತರವಾಗಿ ತಗಲುವ ಮೈಕ್ರೋವೇವ್‌ನ ಮೇಲೆ. ಬೂಟ್‌ಸ್ಟ್ರಾಪ್ ಪಾಲು ಹೆಚ್ಚಿದಷ್ಟೂ ಅದು ಇಳಿಯುತ್ತದೆ.

ಕರೆಂಟ್ ಕಡಿದುಹೋದರೆ? ಹೋಗುತ್ತದೆ, ಕೆಲವು ಮಿಲಿಸೆಕೆಂಡುಗಳಲ್ಲಿ. ಕೋಣೆಯ ಲೋಹಕ್ಕೆ ದೊಡ್ಡ ಪೆಟ್ಟು ಬೀಳುತ್ತದೆ, ಒಳಗೋಡೆ ಕರಗಬಹುದು, ರಿಪೇರಿಗೆ ತಿಂಗಳುಗಳು ಹಿಡಿಯಬಹುದು. ಯಂತ್ರ ಕಟ್ಟುವವರಿಗೆ ಇದು ನಿದ್ದೆಗೆಡಿಸುವ ವಿಷಯ. ಊರಿಗೆ ಸ್ಫೋಟದ ಭಯ ಇದರಿಂದ ಇಲ್ಲ. ಕೋಣೆಯಲ್ಲಿ ಯಾವ ಹೊತ್ತಿಗೂ ಇರುವ ಇಂಧನ ಗ್ರಾಂಗಳ ಲೆಕ್ಕದ್ದು, ಪ್ಲಾಸ್ಮಾ ಕೆಟ್ಟ ಕ್ಷಣವೇ ಸಮ್ಮಿಳನ ನಿಲ್ಲುತ್ತದೆ. ನೆರೆಹೊರೆಯವರು ಕೇಳಲೇಬೇಕಾದ ಪ್ರಶ್ನೆಗಳು ವಿಕಿರಣಶೀಲ ಇಂಧನವಾದ ಟ್ರಿಟಿಯಂನ ಸೋರಿಕೆ ಮತ್ತು ವಿಕಿರಣಗೊಂಡ ಉಕ್ಕಿನ ಬಗ್ಗೆ. ಅವು ನಿಜವಾದ ಪ್ರಶ್ನೆಗಳು.

ನನ್ನ ಅಭಿಪ್ರಾಯ ಕೇಳಿದರೆ, ಸೊಲೆನಾಯ್ಡ್ ಒಂದಿಷ್ಟೂ ಇರಬಾರದು ಎಂಬ ಹಟ ಬೇಡ. ಕವಚದ ಹಿಂದೆ ಹಿಡಿಸುವಷ್ಟು ಪುಟ್ಟದೊಂದನ್ನು ಇಟ್ಟು ಮೊದಲೆರಡು ಘಟ್ಟಗಳನ್ನು ಅದರಿಂದ ದಾಟಿಸಬೇಕು. ಮುಂದಿನ ಏರಿಕೆಯನ್ನು ಮೈಕ್ರೋವೇವ್ ಮತ್ತು ಬೂಟ್‌ಸ್ಟ್ರಾಪ್‌ಗೆ ಬಿಟ್ಟು ತಾಳ್ಮೆಯಿಂದ ಕಾಯಬೇಕು. ಬ್ರಿಟನ್ 2040ರ ಸುಮಾರಿಗೆ ಎಂದು ಗುರಿಯಿಟ್ಟು ನಾಟಿಂಗ್‌ಹ್ಯಾಮ್‌ಶೈರ್‌ನ ವೆಸ್ಟ್ ಬರ್ಟನ್‌ನಲ್ಲಿ, ಹಳೆಯ ಕಲ್ಲಿದ್ದಲು ಸ್ಥಾವರದ ಜಾಗದಲ್ಲಿ ಯೋಜಿಸಿರುವ ಸ್ಟೆಪ್ ಎಂಬ ಗೋಲಾಕಾರದ ಸ್ಥಾವರದ ವಿನ್ಯಾಸವೂ ಮೈಕ್ರೋವೇವ್ ಅನ್ನೇ ನೆಚ್ಚಿದೆ. ಆ ದಿನಾಂಕ ಹಿಂದೆ ಮುಂದೆ ಆಗಬಹುದು, ಮಗಳ ನಿರ್ಧಾರವನ್ನು ಅದರ ಮೇಲೆ ನಿಲ್ಲಿಸಬೇಡಿ.

ನಿಲ್ಲಿಸಬೇಕಾದದ್ದು ಕಲಿಯುವ ಕೆಲಸದ ಮೇಲೆ. ಇದರಲ್ಲಿ ಬೇಕಾಗುವ ಹೈ ವೋಲ್ಟೇಜ್ ಪವರ್ ಸಪ್ಲೈ, ಮೈಕ್ರೋವೇವ್, ನಿರ್ವಾತ, ವೇಗದ ನಿಯಂತ್ರಣ, ಕಂಪ್ಯೂಟರ್ ಮಾದರಿ, ಇವನ್ನು ಕಲಿತವರಿಗೆ ಸಮ್ಮಿಳನದ ಹೊರಗೂ ಕೆಲಸವಿದೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಲಿ, ವಿದ್ಯುತ್ಕಾಂತ ಶಾಸ್ತ್ರವನ್ನೂ ಗಣಕ ವಿಧಾನಗಳನ್ನೂ ಗಟ್ಟಿ ಮಾಡಿಕೊಳ್ಳಲಿ. ಜೆಸ್ಟ್ ಎಂಬ ಪ್ರವೇಶ ಪರೀಕ್ಷೆಯ ಮೂಲಕ ಗಾಂಧಿನಗರದ ಸಂಸ್ಥೆಯ ಸಂಶೋಧನಾ ವಿದ್ಯಾರ್ಥಿಯಾಗಲು ಪ್ರಯತ್ನಿಸಬಹುದು. ಅಲ್ಲಿ 1989ರಲ್ಲಿ ಶುರುವಾದ ಆದಿತ್ಯ ಟೋಕಮ್ಯಾಕ್ ಇಂದಿಗೂ ಆದಿತ್ಯ-ಯು ಎಂಬ ಹೊಸ ರೂಪದಲ್ಲಿ ನಡೆಯುತ್ತಿದೆ. ಶಾಟ್‌ಗಳು ಸಾಯುವುದನ್ನು ಕಣ್ಣಾರೆ ನೋಡಿ ಕಲಿಯಲು ಒಳ್ಳೆಯ ಜಾಗ.

ಅಲ್ಲಿಯವರೆಗೆ ಮಗಳಿಗೆ ಒಂದು ಕೆಲಸ ಹೇಳಿ. ಮೇಲಿನ ಸೊಲೆನಾಯ್ಡ್ ಲೆಕ್ಕವನ್ನು ನಿಮ್ಮ ಜೊತೆ ಕೂತು ಮಾಡಲಿ. ಆಮೇಲೆ ಪ್ರೇರಕತೆ ಒಂದೂವರೆ ಮೈಕ್ರೋಹೆನ್ರಿ, ಕರೆಂಟ್ 200 ಲಕ್ಷ ಆಂಪಿಯರ್ ಎಂದಿಟ್ಟುಕೊಂಡು, ಒಂದು ನಿಮಿಷದಲ್ಲಿ ಏರಿಸಿದರೆ ಹಿಮ್ಮುಖ ವೋಲ್ಟೇಜ್ ಎಷ್ಟು, ಎರಡು ಗಂಟೆಯಲ್ಲಿ ಏರಿಸಿದರೆ ಎಷ್ಟು ಎಂದು ಕಂಡುಹಿಡಿಯಲಿ. ಉತ್ತರವನ್ನು ನನಗೆ ಬರೆದು ಕಳಿಸಿದರೆ ಮುಂದಿನ ಮಾತು ಅಲ್ಲಿಂದ ಆಡೋಣ.